ಐದನೇ ಗಾಡಿಯವನ ಹಾರ್ನ್

ಸಿಗ್ನಲ್‌ನಲ್ಲಿ ಮೊದಲು ಹಾರ್ನ್ ಹೊಡೆಯುವವನು ಮುಂದಿನ ಸಾಲಿನಲ್ಲಿ ಇರುವುದಿಲ್ಲ. ಬಹಳ ದಿನದಿಂದ ನನ್ನ ತಲೆ ತಿನ್ನುತ್ತಿರುವ ವಿಷಯ ಇದು. ಮುಂದಿನ ಸಾಲಿನವನಿಗೆ ಎಲ್ಲ ಕಾಣುತ್ತಿರುತ್ತದೆ. ಅಡ್ಡರಸ್ತೆಯಲ್ಲಿ ಕೆಂಪು ಬಿದ್ದ ಮೇಲೂ ನುಗ್ಗಿ ಬರುತ್ತಿರುವ ಬೈಕು, ಮಗುವಿನ ಕೈ ಹಿಡಿದು ಅರ್ಧ ದಾಟಿ ನಿಂತಿರುವ ಹೆಂಗಸು, ಜೀಬ್ರಾ ಗೆರೆಯ ಮೇಲೆ ತಳ್ಳುಗಾಡಿ ತಿರುಗಿಸಲು ಒದ್ದಾಡುತ್ತಿರುವ ಸೊಪ್ಪಿನವನು. ಹಾಗಾಗಿ ಅವನು ಸುಮ್ನೆ ಕಾಯುತ್ತಾನೆ. ಎರಡನೇ ಗಾಡಿಯವನಿಗೆ ಅರ್ಧಂಬರ್ಧ ಕಾಣುತ್ತದೆ, ಅವನೂ ತಡೆದುಕೊಳ್ಳುತ್ತಾನೆ. ನಾಲ್ಕನೆಯದೋ ಐದನೆಯದೋ ಗಾಡಿಯಲ್ಲಿ ಕೂತವನಿಗೆ ಮಾತ್ರ ಕಾಣುವುದು ಎದುರಿನ ಟೆಂಪೋದ ಬೆನ್ನು ಅಷ್ಟೇ. ಮೇಲಿನ ದೀಪ ಹಸಿರಾಗಿದೆ ಅಂತ ಗೊತ್ತಾಗುತ್ತದೆ, ಟೆಂಪೋ ಯಾಕೆ ಕದಲುತ್ತಿಲ್ಲ ಅಂತ ಗೊತ್ತಾಗಲ್ಲ. ಅವನು ಒತ್ತುತ್ತಾನೆ. ಅವನ ಹಿಂದಿನವನಿಗೆ ದೀಪವೂ ಕಾಣಲ್ಲ. ಇವನು ಹೊಡೆದ ಅಂದ ಮೇಲೆ ಏನೋ ಇರಬೇಕು ಅಂತ ಅವನೂ ಒತ್ತುತ್ತಾನೆ. ಹಿಂದೆ ಹಿಂದೆ ಹೋದ ಹಾಗೆ ಕಾರಣ ಕಮ್ಮಿ, ಸದ್ದು ಜಾಸ್ತಿ.

ಟೈಮರ್ ಇರುವ ಸಿಗ್ನಲ್ಲಾದರೆ ಇನ್ನೂ ಚೆಂದ. ಇನ್ನು ಐದು ಸೆಕೆಂಡು ಇದೆ ಅಂತ ದೊಡ್ಡ ಕೆಂಪು ಅಂಕಿಯಲ್ಲಿ ಬರೆದಿರುತ್ತದೆ. ಎಲ್ಲರಿಗೂ ಕಾಣುವ ಹಾಗೇ ಇರುತ್ತದೆ. ಆದರೂ ಐದಕ್ಕೆ ಬಂದ ಕೂಡಲೇ ಹಿಂದಿನಿಂದ ಶುರು. ಇದಕ್ಕೆ ನನ್ನ ಮೇಲಿನ ಥಿಯರಿ ಸಾಲುವುದಿಲ್ಲ, ಒಪ್ಪುತ್ತೇನೆ. ಮುಂದಿನವನು ಮೊಬೈಲ್ ನೋಡುತ್ತಾ ಮೈಮರೆತಿದ್ದರೆ ಅನ್ನುವ ಅನುಮಾನ ಇರಬಹುದು. ಎಷ್ಟೋ ಸಲ ಅವನು ನಿಜವಾಗಿಯೂ ನೋಡುತ್ತಿರುತ್ತಾನೆ ಅನ್ನುವುದನ್ನೂ ಹೇಳಬೇಕು.

ಹಾರ್ನ್ ಬಗ್ಗೆ ಮಾತು ಬಂದರೆ ಸಾಮಾನ್ಯವಾಗಿ ಎರಡೇ ಮಾತು. ನಮ್ಮ ಜನಕ್ಕೆ ಶಿಸ್ತಿಲ್ಲ ಅನ್ನುವುದು ಒಂದು, ಫಾರಿನ್‌ನಲ್ಲಿ ಹಾರ್ನೇ ಕೇಳಿಸಲ್ಲ ಗೊತ್ತಾ ಅನ್ನುವುದು ಇನ್ನೊಂದು. ಎರಡನ್ನೂ ಕೇಳಿ ಕೇಳಿ ಸಾಕಾಗಿದೆ. ಬೆಂಗಳೂರಿನಲ್ಲಿ ದಿನಾ ಕಾರು ಓಡಿಸುವವಳಾಗಿ ನನಗೆ ಅನ್ನಿಸುವುದು ಬೇರೆ. ಹಾರ್ನ್ ಕೇಳಿಸಿಕೊಂಡವನಿಗೆ ಆ ಹೊತ್ತಿಗೆ ಮಾಡಲು ಏನಾದರೂ ಇದೆಯಾ ಇಲ್ಲವಾ, ಅದನ್ನು ನೋಡಬೇಕು. ಪಕ್ಕಕ್ಕೆ ಸರಿಯಬಹುದು, ನಿಲ್ಲಬಹುದು, ಓಡಿ ಬರಬಹುದು ಅಂತಿದ್ದರೆ ಆ ಹಾರ್ನ್‌ಗೆ ಅರ್ಥ ಇದೆ. ಮುಂದೆ ಹಿಂದೆ ಎಡಕ್ಕೆ ಬಲಕ್ಕೆ ಎಲ್ಲೂ ಒಂದು ಗೇಣು ಜಾಗ ಇಲ್ಲದೆ ನಿಂತವನ ಬೆನ್ನಿಗೆ ಹೊಡೆದರೆ ಅವನಾದರೂ ಏನು ಮಾಡಬೇಕು? ಗಾಡಿ ಎತ್ತಿಕೊಂಡು ಹೋಗಬೇಕಾ?

ಏಳೂವರೆ ಬಸ್ಸು

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆ. ಮನೆಯಿಂದ ರಸ್ತೆಗೆ ಬರಬೇಕಾದರೆ ತೋಟ ಇಳಿದು, ಸಂಕ ಅಂದರೆ ಕಾಲುಸೇತುವೆ ದಾಟಿ, ಗದ್ದೆ ಅಂಚಿನಲ್ಲಿ ನಡೆಯಬೇಕು. ಬಸ್ಸಿಗೆ ಅದರದ್ದೇ ಒಂದು ಹೆಸರಿತ್ತು, ಮುಂದಿನ ಗಾಜಿನ ಮೇಲೆ ಬಣ್ಣ ಬಣ್ಣದಲ್ಲಿ ಬರೆಸಿದ್ದರು. ಆದರೆ ಊರವರಿಗೆಲ್ಲ ಅದು ಏಳೂವರೆ ಬಸ್ಸು. ಎಂಟಕ್ಕೆ ಬಂದರೂ ಏಳೂವರೆ ಬಸ್ಸೇ. ಮಳೆಗಾಲದಲ್ಲಿ ಒಂಬತ್ತಕ್ಕೆ ಬಂದಾಗಲೂ "ಏಳೂವರೆ ಬಸ್ಸು ಈಗ ಹೋಯ್ತು" ಅಂತಲೇ ಹೇಳುತ್ತಿದ್ದರು.

ಅದು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಗಡಿಯಾರ ನೋಡಿ ತಿಳಿಯುವ ಹಾಗಿರಲಿಲ್ಲ. ಹಾರ್ನ್ ಕೇಳಿಯೇ ತಿಳಿಯಬೇಕು. ಕೆಳಗಿನ ಮೋರಿ ಹತ್ತಿರದ ತಿರುವಿನಲ್ಲಿ ಒಂದು ಸಲ ಹೊಡೆಯುತ್ತಿದ್ದರು. ಅದು ಕೇಳಿಸಿತು ಅಂದರೆ ಇನ್ನೂ ಟೈಮಿದೆ, ಜಡೆಗೆ ರಿಬ್ಬನ್ ಕಟ್ಟಿಕೊಳ್ಳಬಹುದು. ಅಶ್ವತ್ಥ ಕಟ್ಟೆಯ ತಿರುವಿನಲ್ಲಿ ಎರಡನೆಯದು. ಅಷ್ಟರಲ್ಲಿ ಸಂಕ ದಾಟಿರಬೇಕು. ಇಲ್ಲದಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿದು ಅಂಚಿನ ಮೇಲೆ ಓಡುವುದೇ. ಅಜ್ಜಿ ಒಲೆ ಮುಂದೆ ಕೂತು ದೋಸೆ ಮಗುಚುತ್ತಾ, ಕಿವಿ ಮಾತ್ರ ರಸ್ತೆ ಕಡೆ ಇಟ್ಟಿರುತ್ತಿದ್ದರು. "ಮೋರಿ ಹತ್ರ ಬಂತು ಕಾಣ್ತದೆ, ಏಳು ಮಾರಾಯ್ತಿ" ಅನ್ನುತ್ತಿದ್ದರು. ಕೆಲವು ದಿನ ತಲೆ ಓರೆ ಮಾಡಿ ಕೇಳಿ, "ಇವತ್ತು ಡ್ರೈವರ್ ಬೇರೆ" ಅಂತಿದ್ದರು. ಹೋಗಿ ನೋಡಿದರೆ ಬೇರೆಯವರೇ ಇರುತ್ತಿದ್ದರು. ಖಾಯಂ ಡ್ರೈವರ್ ಹೊಡೆಯುವ ಕ್ರಮ ಅಜ್ಜಿಗೆ ಗೊತ್ತಿತ್ತು. ಒಂದು ಉದ್ದ, ಆಮೇಲೆ ಎರಡು ಗಿಡ್ಡ. ನಾನು ಸ್ಟಾಪಿನಲ್ಲಿ ಕಾಣದಿದ್ದರೆ ಆ ಪುಣ್ಯಾತ್ಮ ತೋಟದ ಕಡೆ ತಿರುಗಿ ಇನ್ನೊಂದು ಉದ್ದದ್ದು ಹೊಡೆಯುತ್ತಿದ್ದರು. ಅದು ನನಗೇ ಹೊಡೆದದ್ದು, ಬೇರೆ ಯಾರಿಗೂ ಅಲ್ಲ. ಬಸ್ಸಿನಲ್ಲಿ ಕೂತವರಿಗೂ ಅದು ಗೊತ್ತಿರುತ್ತಿತ್ತು. ನಾನು ಏದುಸಿರು ಬಿಡುತ್ತಾ ಹತ್ತಿದ ಮೇಲೆ ಕಂಡಕ್ಟರು "ಏನು, ದೋಸೆ ಜಾಸ್ತಿ ಆಯ್ತಾ?" ಅನ್ನುತ್ತಿದ್ದರು.

ಬಸ್ಸು ಮಾತ್ರ ಅಲ್ಲ. ಆಗುಂಬೆ ಘಾಟಿ ಹತ್ತಿ ಕರಾವಳಿಯಿಂದ ಮೀನು ತರುವವರು ಸ್ಕೂಟರಿಗೆ ರಬ್ಬರ್ ಉಂಡೆಯ ಹಾರ್ನ್ ಕಟ್ಟಿಕೊಂಡಿರುತ್ತಿದ್ದರು. ಪೋಂ ಪೋಂ ಅಂದರೆ ಮನುಷ್ಯರಿಗಿಂತ ಮೊದಲು ಬೆಕ್ಕುಗಳು ಗೇಟಿನ ಹತ್ತಿರ ಹಾಜರು. ಬೇಸಿಗೆಯಲ್ಲಿ ಐಸ್ ಕ್ಯಾಂಡಿ ಸೈಕಲ್ಲಿಗೂ ಅಂಥದ್ದೇ ಹಾರ್ನ್ ಇರುತ್ತಿತ್ತು, ಆದರೆ ದನಿ ಸ್ವಲ್ಪ ಸಣ್ಣ. ಎರಡರ ವ್ಯತ್ಯಾಸ ಮಕ್ಕಳಿಗೂ ಗೊತ್ತು, ಬೆಕ್ಕಿಗೂ ಗೊತ್ತು.

ಘಾಟಿಯಲ್ಲಿ ಇನ್ನೊಂದು ಕ್ರಮ ನೋಡಿದ್ದೇನೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ರಸ್ತೆ ಕಿರಿದು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಅಲ್ಲಿ ಮಿನಿ ಬಸ್ಸಿನ ಇಂಜಿನ್ ಪಕ್ಕದ ಸೀಟಿನಲ್ಲಿ ಕೂತು ಉಡುಪಿ ಕಡೆ ಇಳಿಯುವುದು ನನಗೆ ಚಿಕ್ಕಂದಿನಲ್ಲಿ ದೊಡ್ಡ ಸಂಭ್ರಮ. ಘಾಟಿ ಶುರುವಾಗುವ ಮೊದಲು ಡ್ರೈವರ್ ಟೇಪ್ ಬಂದ್ ಮಾಡುತ್ತಿದ್ದರು. ಹಿಂದಿನವರು "ಹಾಡು ಹಾಕಿ" ಅಂದರೂ ಇಲ್ಲ. ತಿರುವಿಗೆ ಮೊದಲು ಒಂದು ಉದ್ದ ಹಾರ್ನ್. ಆಮೇಲೆ ಸ್ವಲ್ಪ ತಡೆಯುತ್ತಿದ್ದರು, ಕಿವಿ ಕಿಟಕಿ ಕಡೆ. ಕೆಳಗಿನಿಂದ ಉತ್ತರ ಬಂದರೆ ಅಲ್ಲೇ ಮೇಲೆ ಅಂಚಿಗೆ ಸರಿಸಿ ನಿಲ್ಲಿಸುವುದು. ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನುವುದು ರಸ್ತೆ ನಿಯಮದಲ್ಲೇ ಇದೆ. ತುಂಬಿದ ಲಾರಿ ಏರಿನಲ್ಲಿ ನಿಂತರೆ ಮತ್ತೆ ಎಬ್ಬಿಸುವುದು ಎಷ್ಟು ಕಷ್ಟ ಅಂತ ಓಡಿಸಿದವರಿಗೆ ಗೊತ್ತು. ಲಾರಿ ಉಸ್ಸಪ್ಪಾ ಅಂತ ತಿರುಗಿ ಮೇಲೆ ಬಂದ ಮೇಲೆ ಆ ಡ್ರೈವರು ಎರಡು ಬೆರಳು ಎತ್ತುತ್ತಿದ್ದರು, ನಮ್ಮವರು ಒಂದು ಗಿಡ್ಡ ಹಾರ್ನ್ ಕೊಡುತ್ತಿದ್ದರು. ಮುಗಿಯಿತು.

ಇಲ್ಲಿ ನನಗೆ ಮುಖ್ಯ ಅನ್ನಿಸುವುದು ಆ ಟೇಪ್ ಬಂದ್ ಮಾಡಿದ್ದು. ಹೊಡೆಯುವಷ್ಟೇ ಕೇಳಿಸಿಕೊಳ್ಳುವ ಕೆಲಸವೂ ಅವರಿಗಿತ್ತು. ಈಗ ನಮ್ಮ ಕಾರುಗಳಲ್ಲಿ ಗಾಜು ಮೇಲೆ, ಎಸಿ ಆನ್, ಎಫ್‌ಎಂ ಆನ್. ಹೊರಗಿನದು ಒಳಗೆ ಕೇಳಬಾರದು ಅಂತಲೇ ಅಷ್ಟು ದುಡ್ಡು ಕೊಟ್ಟು ತೆಗೆದುಕೊಂಡಿರುತ್ತೇವೆ. ಎಲ್ಲರೂ ಹೇಳುತ್ತಾರೆ, ಕೇಳುವವರು ಯಾರೂ ಇಲ್ಲ.

ಮೆಲ್ಲಗೆ ಹೇಳಲು ಬಾರದ ಯಂತ್ರ

ಕಾರಿನ ಹಾರ್ನ್ ಒಳಗೆ ದೊಡ್ಡ ವಿದ್ಯೆಯೇನೂ ಇಲ್ಲ. ಒಂದು ತಂತಿ ಸುರುಳಿ, ಅದರ ಎದುರು ತೆಳು ಉಕ್ಕಿನ ತಗಡು, ಮಧ್ಯೆ ಒಂದು ಕಾಂಟ್ಯಾಕ್ಟ್ ಪಾಯಿಂಟ್. ಗುಂಡಿ ಒತ್ತಿದರೆ ಸುರುಳಿ ಅಯಸ್ಕಾಂತವಾಗಿ ತಗಡನ್ನು ಎಳೆಯುತ್ತದೆ. ತಗಡು ಬಂದ ಕೂಡಲೇ ಪಾಯಿಂಟ್ ಬಿಟ್ಟುಕೊಳ್ಳುತ್ತದೆ, ಕರೆಂಟ್ ನಿಲ್ಲುತ್ತದೆ, ತಗಡು ವಾಪಸ್ ಹೋಗುತ್ತದೆ, ಪಾಯಿಂಟ್ ಮತ್ತೆ ಕೂಡುತ್ತದೆ. ಸೆಕೆಂಡಿಗೆ ಸುಮಾರು 400 ಸಲ ಹೀಗೆ. ಆ ನಡುಕವೇ ನಮಗೆ ಕೇಳುವ ಸದ್ದು. ಎಷ್ಟೋ ಕಾರುಗಳಲ್ಲಿ ಇಂಥವು ಎರಡಿರುತ್ತವೆ, ಒಂದು ದಪ್ಪ ದನಿ, ಒಂದು ಸಣ್ಣ ದನಿ.

ಇದರಲ್ಲಿ ಮೆಲ್ಲಗೆ ಅನ್ನುವುದಿಲ್ಲ. ಮೀನಿನವರ ರಬ್ಬರ್ ಉಂಡೆಯನ್ನು ಹಗುರಾಗಿ ಹಿಚುಕಿದರೆ ಹಗುರ ದನಿ ಬರುತ್ತಿತ್ತು. ಕಾರಿನ ಗುಂಡಿಯನ್ನು ಹೂವಿನ ಹಾಗೆ ಮುಟ್ಟಿದರೂ ಬರುವುದು ಪೂರ್ತಿ ಗಂಟಲೇ. "ಅಮ್ಮಾ, ಸ್ವಲ್ಪ ಜಾಗ ಬಿಡಿ" ಅಂತ ಹೇಳಬೇಕಾದಾಗಲೂ "ಏಯ್, ಕಣ್ಣು ಕಾಣಲ್ವಾ" ಅಂತ ಬೈಯಬೇಕಾದಾಗಲೂ ಅದೇ ಸದ್ದು. ನಮ್ಮ ಕೈಯಲ್ಲಿರುವುದು ಎಷ್ಟು ಹೊತ್ತು ಒತ್ತಬೇಕು ಅನ್ನುವುದೊಂದೇ. ಗಲ್ಲಿಯಲ್ಲಿ ಮುಂದೆ ನಡೆಯುತ್ತಿರುವ ವಯಸ್ಸಾದವರಿಗೆ ನಾವು ಎಷ್ಟೇ ಮರ್ಯಾದೆಯಿಂದ ಒತ್ತಿದರೂ ಅವರು ಬೆಚ್ಚಿಬೀಳುತ್ತಾರೆ, ತಿರುಗಿ ನೋಡುವಾಗ ಮುಖದಲ್ಲಿ ಸಿಟ್ಟಿರುತ್ತದೆ. ಅವರದ್ದೇನೂ ತಪ್ಪಿಲ್ಲ.

ಸದ್ದು ಎಷ್ಟು ಅಂತ ಲೆಕ್ಕವೂ ಇದೆ. ಮುಂದೆ 7.5 ಮೀಟರ್ ದೂರದಲ್ಲಿ ಅಳೆದರೆ ಕಾರಿನ ಹಾರ್ನ್ ಕನಿಷ್ಠ 93 ಡೆಸಿಬೆಲ್ ಇರಬೇಕು, 112 ದಾಟಬಾರದು. ಆದರೆ ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನ ವಾಸಿಸುವ ಬಡಾವಣೆಯಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ಡೆಸಿಬೆಲ್‌ನಲ್ಲಿ 10 ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು ಅಂತ. 55 ಎಲ್ಲಿ, 93 ಎಲ್ಲಿ. ಅಂದರೆ ಕಾನೂನು ಪ್ರಕಾರ ಪಕ್ಕಾ ಇರುವ ಹಾರ್ನ್ ಕೂಡ ನಮ್ಮ ಬೀದಿಯ ಮಿತಿಯನ್ನು ಎಲ್ಲೋ ಮೀರಿದ್ದು. ಅದು ಅಪಾಯದ ಹೊತ್ತಿಗೆ ಅಂತ ಮಾಡಿಟ್ಟ ವಸ್ತು, ಗೇಟ್ ತೆಗೆಯಿರಿ ಅಂತ ಹೇಳಲು ಅಲ್ಲ.

ಇನ್ನೊಂದು ಸಂಗತಿ, ಹಾರ್ನ್ ಇರುವುದು ಮುಂದಿನ ಜಾಲರಿಯ ಹಿಂದೆ, ಮುಖ ರಸ್ತೆ ಕಡೆ. ಹೊಡೆದವನಿಗೆ ಗಾಜಿನಾಚೆ ಎಲ್ಲೋ ಕೇಳಿದ ಹಾಗಿರುತ್ತದೆ. ಪೂರ್ತಿ ಬೀಳುವುದು ಮುಂದಿರುವ ಸ್ಕೂಟಿಯವಳ ಬೆನ್ನಿಗೆ, ಅವಳ ಮುಂದೆ ನಿಂತಿರುವ ಮಗುವಿನ ಕಿವಿಗೆ, ಫುಟ್‌ಪಾತಿನಲ್ಲಿ ಬೆಳಗ್ಗೆಯಿಂದ ಕೂತು ಹೂ ಕಟ್ಟುವವರಿಗೆ, ನಡುರಸ್ತೆಯಲ್ಲಿ ನಿಂತ ಟ್ರಾಫಿಕ್ ಪೊಲೀಸರಿಗೆ. ಅವರು ಯಾರೂ ದೀಪ ಹಸಿರು ಮಾಡಲಾರರು. ಪೊಲೀಸರು ಮಾಡಬಹುದೇನೋ, ಆದರೆ ಹಾರ್ನ್ ಕೇಳಿ ಮಾಡಿದ್ದು ನಾನಂತೂ ನೋಡಿಲ್ಲ.

ಕನ್ನಡಿ ಮಡಚಿಟ್ಟ ಮೇಲೆ

ಲಾರಿಗಳ ಹಿಂದೆ "ಸೌಂಡ್ ಹಾರ್ನ್" ಅಂತ ಬರೆದಿರುವುದನ್ನು ನೋಡಿ ನಗುವವರಿದ್ದಾರೆ. ನನಗೆ ಅದರಲ್ಲಿ ನಗುವಂಥದ್ದು ಕಾಣಲ್ಲ. ಒಂದೇ ಪಟ್ಟಿಯ ರಸ್ತೆ, ಹಿಂದೆ ಬೆಟ್ಟದಷ್ಟು ಲೋಡು, ಕನ್ನಡಿಯಲ್ಲಿ ಕಾಣುವುದು ಹುಲ್ಲೋ ಹತ್ತಿಯೋ. ಹಿಂದೆ ಗಾಡಿ ಇದೆ ಅಂತ ತಿಳಿಯಲು ಬೇರೆ ದಾರಿ ಇರಲಿಲ್ಲ. ಹಾರ್ನ್ ಕೇಳಿದರೆ ಡ್ರೈವರ್ ಮುಂದೆ ನೋಡಿ, ದಾರಿ ಖಾಲಿ ಇದ್ದರೆ ಕೈ ಬೀಸುತ್ತಿದ್ದರು, ಇಲ್ಲದಿದ್ದರೆ ಅಂಗೈ ತೋರಿಸಿ ತಡೆಯುತ್ತಿದ್ದರು. ಕ್ಲೀನರ್ ಎಡಗಡೆ ಬಾಗಿಲು ತಟ್ಟಿ ಹೇಳುತ್ತಿದ್ದ. ಮಹಾರಾಷ್ಟ್ರದಲ್ಲಿ 2015ರಲ್ಲಿ ಲಾರಿಗಳ ಹಿಂದೆ "ಹಾರ್ನ್ ಓಕೆ ಪ್ಲೀಸ್" ಬರೆಯುವುದನ್ನೇ ನಿಷೇಧಿಸಿದರು. ಅಕ್ಷರ ಅಳಿಸಿದರೆ ಹಾರ್ನ್ ನಿಲ್ಲುತ್ತಾ? ರಸ್ತೆ ಅಗಲವಾದರೆ, ಕನ್ನಡಿ ಸರಿ ಇದ್ದರೆ ನಿಲ್ಲಬಹುದು.

ಬೆಂಗಳೂರಿನ ರಸ್ತೆಯಲ್ಲಿ ಆಗಿರುವುದೂ ಇದೇ. ಬೈಕಿಗೆ ಕನ್ನಡಿ ಇದ್ದರೆ ಲುಕ್ ಹಾಳು ಅಂತ ಬಿಚ್ಚಿಡುತ್ತಾರೆ. ಕಾರಿನವರು ಉಜ್ಜುತ್ತದೆ ಅಂತ ಎಡಗನ್ನಡಿ ಮಡಚಿಕೊಂಡು ಹೋಗುತ್ತಾರೆ. ಎಡದಿಂದ ಬಲದಿಂದ ಸಂದಿ ಸಿಕ್ಕ ಕಡೆಯೆಲ್ಲ ನುಗ್ಗುವಾಗ, ಹಿಂದೆ ಯಾರು ಬರುತ್ತಿದ್ದಾರೆ ಅಂತ ನೋಡುವ ಕೆಲಸ ಮುಂದಿನವನದ್ದಲ್ಲ, ನಾನು ಬರುತ್ತಿದ್ದೇನೆ ಅಂತ ಹೇಳುವ ಕೆಲಸ ಹಿಂದಿನವನದ್ದು ಅನ್ನುವ ಒಂದು ಒಪ್ಪಂದ ನಮ್ಮಲ್ಲಿದೆ. ಯಾರೂ ಬರೆದಿಟ್ಟಿಲ್ಲ, ಎಲ್ಲರೂ ಪಾಲಿಸುತ್ತಾರೆ. ಅಪಘಾತ ಆದ ಮೇಲೆ ಮೊದಲು ಕೇಳುವ ಪ್ರಶ್ನೆಯೇ "ಹಾರ್ನ್ ಹೊಡಿಯೋಕೆ ಏನಾಗಿತ್ತು?" ಡ್ರೈವಿಂಗ್ ಸ್ಕೂಲಿನಲ್ಲೂ ನನಗೆ ಮೊದಲ ದಿನ ಹೇಳಿಕೊಟ್ಟದ್ದು ಇದೇ. ಕನ್ನಡಿಯ ವಿಷಯ ಎತ್ತಲೇ ಇಲ್ಲ. "ಹಾರ್ನ್ ಮಾಡಿ ಮೇಡಂ, ಹಾರ್ನ್ ಮಾಡಿ, ಅವ್ನಿಗೆ ಹೆಂಗೆ ಗೊತ್ತಾಗ್ಬೇಕು" ಅಂತ ಪಕ್ಕದಿಂದ ಕೈ ಚಾಚಿ ಅವರೇ ಒತ್ತಿಬಿಡುತ್ತಿದ್ದರು. ಹಾಗೆ ಕಲಿತ ನಾವು ಆಮೇಲೆ ಶಿಸ್ತು ಅಂದರೆ ಎಲ್ಲಿಂದ ಬರಬೇಕು?

ಮಿಜೋರಾಂನ ಐಜ್ವಾಲ್‌ನಲ್ಲಿ ಹಾರ್ನ್ ತುಂಬ ಕಮ್ಮಿ ಅನ್ನುವುದು ನಿಮಗೂ ಗೊತ್ತಿರುತ್ತದೆ, ಆ ವಿಡಿಯೋಗಳು ಆಗಾಗ ಓಡಾಡುತ್ತವೆ. ಅದನ್ನು ನೋಡಿ ಎಲ್ಲರೂ ಅಲ್ಲಿಯ ಜನ ಎಷ್ಟು ಸಂಭಾವಿತರು ಅಂತ ಬರೆಯುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಅಲ್ಲಿಯ ಸಾಲು. ಗುಡ್ಡದ ಕಿರಿದಾದ ರಸ್ತೆಯಲ್ಲಿ ಕಾರುಗಳದ್ದೊಂದು ಸಾಲು, ಪಕ್ಕದಲ್ಲಿ ದ್ವಿಚಕ್ರದ್ದೊಂದು ಸಾಲು. ಸಾಲು ಬಿಟ್ಟು ಯಾರೂ ಬರಲ್ಲ ಅಂತ ಗೊತ್ತಿದ್ದರೆ ಹಾರ್ನ್ ಹೊಡೆದು ಹೇಳಬೇಕಾದ್ದು ಏನೂ ಉಳಿಯಲ್ಲ. ಕಾಠ್ಮಂಡುವಿನಲ್ಲಿ ದಾರಿ ಬೇರೆ. 2017ರ ಏಪ್ರಿಲ್‌ನಲ್ಲಿ, ನೇಪಾಳಿ ಹೊಸ ವರ್ಷದ ದಿನದಿಂದ, ಸುಮ್ಮಸುಮ್ಮನೆ ಹಾರ್ನ್ ಹೊಡೆದರೆ ದಂಡ ಅಂತ ಜಾರಿಗೆ ತಂದರು. ನಮ್ಮಷ್ಟೇ ಗಿಜಿಗುಡುವ ಊರದು.

ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಿಧಾನಕ್ಕೆ ಹೋಗುತ್ತಿರುವ ಕಾರಿಗೆ ಹಿಂದಿನಿಂದ ಹಾರ್ನ್ ಹೊಡೆದು, ಕೊನೆಗೂ ಓವರ್‌ಟೇಕ್ ಮಾಡುವಾಗ ಕತ್ತು ತಿರುಗಿಸಿ ಡ್ರೈವರ್ ಸೀಟಿನ ಕಡೆ ನೋಡುತ್ತಾರೆ. ಹೆಂಗಸೋ ಗಂಡಸೋ ಅಂತ. ನನ್ನನ್ನು ನೋಡಿದ ಕೂಡಲೇ ಅವರ ಮುಖದಲ್ಲಿ ಒಂದು ಸಮಾಧಾನ ಬರುತ್ತದೆ, "ಅದೇ ಅಂದುಕೊಂಡೆ" ಅನ್ನುವ ಥರ. ಕಾರು ಓಡಿಸುವ ಹೆಂಗಸರಿಗೆ ನಾನು ಯಾವ ಮುಖದ ಬಗ್ಗೆ ಹೇಳುತ್ತಿದ್ದೇನೆ ಅಂತ ಗೊತ್ತು.

ನಿಮ್ಹಾನ್ಸ್ ಹತ್ತಿರ ಒಂದು ಸಂಜೆ

ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆಗಳಿರುವ ಕಡೆ ನಿಮಗೆ ಗೊತ್ತಲ್ಲ. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ನಿಯಮ. ಒಂದು ಸಂಜೆ ಜಿಟಿಜಿಟಿ ಮಳೆಯಲ್ಲಿ ಅಲ್ಲೇ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡಿದ್ದೆ. ಹಿಂದಿನಿಂದ ಆಂಬುಲೆನ್ಸ್ ಬಂತು. ಸೈರನ್ ಕೇಳಿದ್ದೇ ತಡ, ಸಾಲಿನಲ್ಲಿದ್ದವರೆಲ್ಲ ಹಾರ್ನ್ ಹೊಡೆಯಲು ಶುರು ಮಾಡಿದರು. ಆಂಬುಲೆನ್ಸ್‌ಗೆ ದಾರಿ ಬಿಡಬೇಕು ಅನ್ನುವ ಕಾಳಜಿ ಎಲ್ಲರಿಗೂ ಇದೆ, ದಾರಿ ಬಿಡಲು ಜಾಗ ಯಾರಿಗೂ ಇಲ್ಲ, ಆ ಕಾಳಜಿಯನ್ನು ಮುಂದಿನವನಿಗೆ ದಾಟಿಸುತ್ತಿದ್ದಾರೆ ಅಷ್ಟೇ. ಮುಂದಿನವನು ಅವನ ಮುಂದಿನವನಿಗೆ. ಸೈರನ್ನೇ ಕೇಳದಷ್ಟು ಹಾರ್ನ್.

ಎಲ್ಲರಿಗಿಂತ ಮುಂದೆ, ಬಿಳಿ ಗೆರೆಯ ಮೇಲೆ, ಒಂದು ಬಿಳಿ ಕಾರು. ಅದರ ಮುಂದೆ ಖಾಲಿ ಜಾಗ ಇತ್ತು. ಆದರೆ ದೀಪ ಕೆಂಪು, ಮೇಲೆ ಕ್ಯಾಮೆರಾ. ಕಾರು ಕದಲುತ್ತಿರಲಿಲ್ಲ. ಹಾರ್ನ್ ಜಾಸ್ತಿ ಆದಷ್ಟೂ ಆ ಮನುಷ್ಯ ಇನ್ನೂ ಗಟ್ಟಿಯಾಗಿ ಸ್ಟೀರಿಂಗ್ ಹಿಡಿದು ಕೂತ ಹಾಗೆ ನನಗೆ ಕಾಣಿಸಿತು. ಎರಡು ಗಾಡಿ ಹಿಂದೆ ಒಂದು ಆಟೋ ಇತ್ತು. ಅದರ ಡ್ರೈವರ್ ಇಂಜಿನ್ ಆಫ್ ಮಾಡಿ, ತಲೆ ಮೇಲೆ ಟವೆಲ್ ಹಾಕಿಕೊಂಡು ಇಳಿದರು. ಐವತ್ತು ದಾಟಿರಬೇಕು, ಖಾಕಿ ಅಂಗಿಯ ಕೈ ಮಡಚಿತ್ತು. ಬೈಕುಗಳ ಮಧ್ಯೆ ದಾರಿ ಮಾಡಿಕೊಂಡು ಹೋಗಿ, ಬಿಳಿ ಕಾರಿನ ಗಾಜನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರು. ಗಾಜು ಎರಡು ಬೆರಳಷ್ಟು ಇಳಿಯಿತು.

"ಸಾರ್, ಸ್ವಲ್ಪ ಮುಂದೆ ಎಡಕ್ಕೆ ತಗೊಳ್ಳಿ. ಆಂಬುಲೆನ್ಸ್ ಐತೆ."

ಒಳಗಿನಿಂದ ಏನೋ ಹೇಳಿದರು, ನನಗೆ ಕೇಳಲಿಲ್ಲ. ಕೈ ಮಾತ್ರ ಕ್ಯಾಮೆರಾ ಕಡೆ ತೋರಿಸಿತು.

"ಆಂಬುಲೆನ್ಸ್‌ಗೆ ಬಿಟ್ರೆ ಯಾರು ಫೈನ್ ಹಾಕ್ತಾರೆ ಸಾರ್? ಹಾಕಿದ್ರೆ ನಾವೆಲ್ಲ ಇದ್ದೀವಿ, ತಗೊಳ್ಳಿ ತಗೊಳ್ಳಿ."

ಕಾರು ಒಂದು ಗಾಡಿಯಷ್ಟು ಮುಂದೆ ಹೋಗಿ ಎಡಕ್ಕೆ ನಿಂತಿತು. ಆಟೋದವರು ಬೈಕಿನ ಹುಡುಗರ ಕಡೆ ತಿರುಗಿ "ಫುಟ್‌ಪಾತ್ ಕಡೆ ಒತ್ಕೊಳ್ರಪ್ಪ" ಅಂದರು, ನನ್ನ ಕಡೆ ಅಂಗೈ ತೋರಿಸಿ ಅಲ್ಲೇ ಇರಿ ಅಂದರು, ಪಕ್ಕದ ಟೆಂಪೋದ ಬಾಡಿ ತಟ್ಟಿ "ರೈಟ್, ರೈಟ್" ಅಂದರು. ಆಂಬುಲೆನ್ಸ್ ಹೋಯಿತು. ಎಲ್ಲ ಸೇರಿ ಒಂದು ನಿಮಿಷದ ಕೆಲಸ. ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಅಂತ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲಿದೆ, ಸಿಗ್ನಲ್ ದಾಟಿದರೂ ದಂಡ. ಆ ಬಿಳಿ ಕಾರಿನವರು ಎರಡರ ಮಧ್ಯೆ ಸಿಕ್ಕಿಕೊಂಡಿದ್ದರು. ಹೊಡೆದ ಅಷ್ಟೂ ಹಾರ್ನ್‌ನಲ್ಲಿ "ಒಂದು ಗಾಡಿಯಷ್ಟು ಮುಂದೆ, ಎಡಕ್ಕೆ" ಅನ್ನುವ ವಿವರ ಇರಲಿಲ್ಲ.

ಆಮೇಲೆ ಆದದ್ದು ಕೇಳಿ. ಅಷ್ಟರಲ್ಲಿ ದೀಪ ಹಸಿರಾಯಿತು. ಆಟೋದವರು ಇನ್ನೂ ತಮ್ಮ ಗಾಡಿ ಹತ್ತಿರ ಬಂದಿರಲಿಲ್ಲ. ಡ್ರೈವರ್ ಇಲ್ಲದ ಆ ಆಟೋಗೆ ಹಿಂದಿನವರು ಹಾರ್ನ್ ಹೊಡೆಯಲು ಶುರು ಮಾಡಿದರು. ಐದಾರು ಗಾಡಿ ಹಿಂದಿದ್ದವರಿಗೆ ಏನು ನಡೆಯಿತು ಅಂತ ಹೇಗೆ ಗೊತ್ತಾಗಬೇಕು? "ಬಂದೆ ಇರ್ರಪ್ಪಾ" ಅಂತ ಕೂಗುತ್ತಾ ಓಡಿ ಬಂದು, ಟವೆಲ್ ಹಿಂಡಿ ಹೆಗಲಿಗೆ ಹಾಕಿಕೊಂಡು, ಸ್ಟಾರ್ಟ್ ಮಾಡಿ ಹೋದರು.

ದಂಡ, ಕೊಳಲು, ತಬಲಾ

ಕಾನೂನು ಇಲ್ಲ ಅಂತಲ್ಲ. ಅದೇ 2019ರ ತಿದ್ದುಪಡಿಯಲ್ಲಿ, ಅಗತ್ಯ ಇಲ್ಲದೆ ಅಥವಾ ಬಿಡದೆ ಹಾರ್ನ್ ಹೊಡೆದರೆ ಮೊದಲ ಸಲ 1,000, ಆಮೇಲೆ 2,000 ರೂಪಾಯಿ ದಂಡ ಅಂತಿದೆ. ವಾಸದ ಬಡಾವಣೆಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ತುರ್ತು ಸಂದರ್ಭ ಬಿಟ್ಟರೆ, ಹೊಡೆಯುವ ಹಾಗೇ ಇಲ್ಲ. ರಾಗ ರಾಗವಾಗಿ ಕೂಗುವ ಹಾರ್ನ್ ಕೂಡ ಹಾಕಿಸುವ ಹಾಗಿಲ್ಲ. ಆದರೆ ಹಿಡಿಯುವುದು ಹೇಗೆ? ಹೆಲ್ಮೆಟ್ ಇಲ್ಲದ ತಲೆ ಕ್ಯಾಮೆರಾಗೆ ಕಾಣುತ್ತದೆ. ನೂರು ಗಾಡಿಯ ಮಧ್ಯೆ ಯಾವುದು ಕೂಗಿತು ಅಂತ ಅದು ಹೇಗೆ ಹೇಳಬೇಕು? ಅದಕ್ಕೇ ಪೊಲೀಸರು ಕೈಗೆ ಸಿಗುವುದನ್ನು ಹಿಡಿಯುತ್ತಾರೆ. ಕರ್ಕಶ ಹಾರ್ನ್ ಬಿಚ್ಚುತ್ತಾರೆ, ಫೋಟೋ ತೆಗೆಸುತ್ತಾರೆ. ತಪ್ಪೇನಿಲ್ಲ, ಖಾಸಗಿ ಬಸ್ಸಿನ ಏರ್ ಹಾರ್ನ್ ಬೆನ್ನ ಹಿಂದೆ ಕೂಗಿದಾಗ ಬೈಕಿನಿಂದ ಬೀಳದೇ ಇರುವುದೇ ಹೆಚ್ಚು.

2020ರ ಜನವರಿಯಲ್ಲಿ ಮುಂಬೈ ಪೊಲೀಸರು ಒಂದು ತಮಾಷೆಯ ವಿಡಿಯೋ ಹಾಕಿದರು. ಸಿಗ್ನಲ್ ಕಂಬಕ್ಕೆ ಡೆಸಿಬೆಲ್ ಮೀಟರ್ ಕಟ್ಟಿದ್ದರು. ಸದ್ದು 85 ದಾಟಿದರೆ ಕೆಂಪು ದೀಪದ ಟೈಮರ್ ಮತ್ತೆ ಮೊದಲಿನಿಂದ. ನಾವೆಲ್ಲ ನಕ್ಕು ಫಾರ್ವರ್ಡ್ ಮಾಡಿದೆವು. ಆದರೆ ನನ್ನ ಐದನೇ ಗಾಡಿಯವನ ವಿಷಯ ಯೋಚಿಸಿ. ಟೈಮರ್ ತಿರುಗಿ ಶುರುವಾದದ್ದು ಕಂಡರೂ ಯಾಕೆ ಅಂತ ಅವನಿಗೆ ಗೊತ್ತಾಗಲ್ಲ. ದೀಪ ಯಾಕೆ ಇನ್ನೂ ಬಿದ್ದಿಲ್ಲ ಅಂತ ಇನ್ನೂ ಜೋರಾಗಿ ಒತ್ತುತ್ತಾನೆ. ಬಸ್ಸಿನಲ್ಲಿ ನಿಂತು ಹೋಗುವವರು ಏನೂ ಮಾಡದೆ ಶಿಕ್ಷೆ ಅನುಭವಿಸುತ್ತಾರೆ. ಅದಕ್ಕಿಂತ ನನಗೆ ಹಿಡಿಸಿದ್ದು 2025ರ ಆರಂಭದಲ್ಲಿ ಓಡಾಡಿದ ನಮ್ಮ ರಾಜ್ಯದ್ದೇ ಒಂದು ವಿಡಿಯೋ. ಕರ್ಕಶ ಹಾರ್ನ್ ಹೊಡೆದ ಬಸ್ಸಿನ ಡ್ರೈವರ್‌ನನ್ನು ಕೆಳಗಿಳಿಸಿ, ಅವನದೇ ಬಸ್ಸಿನ ಮುಂದೆ ಕೂರಿಸಿ ಪೊಲೀಸರು ಅದೇ ಹಾರ್ನ್ ಕೇಳಿಸಿದ್ದರು. ಇದು ಸರಿಯಾ ಅಂತ ವಾದ ಮಾಡಬಹುದು. ಆದರೆ ಗಾಡಿಯ ಎದುರಿಗೆ ನಿಂತು ಹಾರ್ನ್ ಕೇಳಿದ ಡ್ರೈವರು ಎಷ್ಟು ಜನ ಇದ್ದಾರೆ?

ಕೇಂದ್ರ ಸಚಿವ ನಿತಿನ್ ಗಡ್ಕರಿಯವರದ್ದು ಇನ್ನೊಂದು ಐಡಿಯಾ. ಕೊಳಲು, ತಬಲಾ, ಪಿಟೀಲು, ಹಾರ್ಮೋನಿಯಂ ಥರದ ನಮ್ಮ ವಾದ್ಯಗಳ ನಾದವನ್ನೇ ಹಾರ್ನ್ ಮಾಡುವ ಕಾನೂನು ತರಬೇಕು ಅಂತ 2021ರಲ್ಲಿ ಹೇಳಿದ್ದರು, 2025ರಲ್ಲಿ ಮತ್ತೆ ಹೇಳಿದರು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಂಜೆ ಆರೂವರೆಗೆ ಸಾವಿರ ಕೊಳಲು ಒಟ್ಟಿಗೆ ಊದುವುದನ್ನು ಕಲ್ಪಿಸಿಕೊಂಡೆ. ಮದುವೆ ಮನೆಯಲ್ಲಿ ವಾಲಗ ಕೇಳಿದಾಗಲೂ ಬ್ರೇಕ್ ಒತ್ತಲು ಕಾಲು ಹುಡುಕುವ ಕಾಲ ಬರಬಹುದು.

ಈಗ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ನಡೆಯುತ್ತಿರುವ ಜಗಳಕ್ಕೆ ಬರುತ್ತೇನೆ. ಇದನ್ನೆಲ್ಲ ಬರೆಯಲು ಕೂತದ್ದೇ ಅದರಿಂದ. ಬೆಳಗ್ಗೆ ಏಳಕ್ಕೆ ಸ್ಕೂಲ್ ವ್ಯಾನ್ ಬರುತ್ತದೆ. ಪ್ರತಿ ಗೇಟಿನ ಮುಂದೆ ಹಾರ್ನ್. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರಿಗೆ ತಲೆ ಕೆಡುತ್ತದೆ, ಅದು ಸುಳ್ಳಲ್ಲ. ಒಬ್ಬರು ರಾತ್ರಿ ಹಾರ್ನ್ ನಿಷೇಧದ ನಿಯಮ ಹಾಕಿದರು. ಇನ್ನೊಬ್ಬರು ರಾತ್ರಿ ಆರಕ್ಕೇ ಮುಗಿಯುತ್ತದಲ್ಲ ಸಾರ್ ಅಂದರು. ವ್ಯಾನ್ ಎಲ್ಲಿದೆ ಅಂತ ಮೊಬೈಲ್‌ನಲ್ಲೇ ಕಾಣುವ ಆಪ್ ಇದೆ, ಹಾರ್ನ್ ಯಾಕೆ ಬೇಕು ಅಂತ ಮೂರನೆಯವರು. ಮೊನ್ನೆ ಗೇಟಿನ ಹತ್ತಿರ ಡ್ರೈವರ್ ಸಿಕ್ಕಾಗ ನಾನೇ ಕೇಳಿದೆ. "ಆಪ್ ಅಪ್ಪ ಅಮ್ಮಂಗೆ ಮೇಡಂ. ಮಕ್ಳು ಶೂ ಹಾಕ್ಕೊಳೋದು ಹಾರ್ನ್ ಕೇಳಿದ್ಮೇಲೇ" ಅಂದರು.

ಗ್ರೂಪಿನಲ್ಲಿ ಪೋಲ್ ಹಾಕಿದ್ದಾರೆ. ಪ್ರತಿ ಗೇಟಿಗೆ ಬೇಡ, ಬೀದಿ ತಿರುವಿನಲ್ಲಿ ಒಂದೇ ಸಲ ಹೊಡೆಯಲಿ ಅಂತ ನಾನು ಒಂದು ಆಯ್ಕೆ ಸೇರಿಸಿದೆ. ಇಲ್ಲಿಯವರೆಗೆ ಅದಕ್ಕೆ ನನ್ನದು, ಎದುರು ಮನೆ ಅಜ್ಜಂದು, ಎರಡೇ ವೋಟು. ಬಾಕಿಯವರೆಲ್ಲ "ಹಾರ್ನ್ ಬೇಡವೇ ಬೇಡ" ಅಂದಿದ್ದಾರೆ.